ಕಿವಿ ಕೊಯ್ದ ಪಟ್ಟಿ

ನಮ್ಮ ಹಟ್ಟಿಯಲ್ಲಿ ಮೊದಲು ಬಿ.ಎಸ್ಸಿ. ಪಾಸಾದವನು ನಾನು. ಈ ಮಾತು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ. ಕೇಳುವವರಿಗೆ ಇದ್ದರೆ ಇರಲಿ. ಎರಡನೆಯ ವರ್ಷದ ಗಣಿತದಲ್ಲಿ ಒಮ್ಮೆ ಬಿದ್ದು, ಚಿತ್ರದುರ್ಗದ ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕುತ್ತ ಮತ್ತೆ ಓದಿ, ಎದ್ದು ಬಂದು ತೆಗೆದುಕೊಂಡ ಡಿಗ್ರಿ ಅದು. ಪದವಿ ಪತ್ರ ಕೈಗೆ ಬಂದ ದಿನ ಅಪ್ಪ ಅದರ ಕೆಳಗಿದ್ದ ಮುದ್ರೆಯನ್ನು ಬೆರಳಿನಿಂದ ಸವರಿ ನೋಡಿದ. ಅವನಿಗೆ ಓದು ಬಾರದು. "ಗುರುತು ಸರಿಯಾಗಿ ಬಿದ್ದೈತೆ" ಎಂದಷ್ಟೇ ಹೇಳಿ ಕುರಿಗಳ ಹಿಂದೆ ಹೋದ.

ಗುರುತು ಅಂದರೆ ಅಪ್ಪನ ಲೆಕ್ಕದಲ್ಲಿ ಕುರಿಯ ಕಿವಿಯ ಗುರುತು. ಹಟ್ಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಕತ್ತರಿ. ನಮ್ಮದು ಎಡಗಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು. ಒಳ್ಳೆಯ ಟಗರು ಇದ್ದವರು ಅದನ್ನು ಪಕ್ಕದ ಹಿಂಡಿಗೆ, ಅವರ ಪಕ್ಕದ ಹಿಂಡಿಗೆ, ಕೇಳಿದವರಿಗೆಲ್ಲ ಒಳ್ಳೆಯ ಮರಿಯಾಗಲಿ ಎಂದು ಬಿಟ್ಟುಕೊಡುತ್ತಿದ್ದರು. ಅದಕ್ಕೆ ಯಾರೂ ಏನನ್ನೂ ತೆಗೆದುಕೊಳ್ಳುವ ಪದ್ಧತಿಯಿಲ್ಲ. ಒಂದೇ ಕಟ್ಟು: ಟಗರಿನ ಕಿವಿ ಮುಟ್ಟಬಾರದು. ಬೇರೆಯವರ ಕಚ್ಚನ್ನು ಕೊಯ್ದು ತನ್ನದು ಹಾಕಿದವನ ಜೊತೆ ಆಮೇಲೆ ಹಟ್ಟಿಯಲ್ಲಿ ಯಾರೂ ಕೂತು ಮಾತಾಡುತ್ತಿರಲಿಲ್ಲ. ಇದನ್ನೆಲ್ಲ ಈಗಲೇ ಹೇಳಿಬಿಡುತ್ತಿದ್ದೇನೆ, ಮುಂದೆ ಬೇಕಾಗುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ಶ್ರೀರಾಂಪುರದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನದ ಮೇಷ್ಟ್ರ ಕೆಲಸ ಸಿಕ್ಕಿತ್ತು, ಟೆಂಪರವರಿ. ಹಳ್ಳಿಹಳ್ಳಿಗೆ ಕರೆಂಟು ಬರುತ್ತಿದ್ದ ಕಾಲ. ಬಾವಿ ಇದ್ದವರೆಲ್ಲ ಮೋಟಾರು ತಂದು, ಎಲ್ಲಿಂದಲೋ ಹಳೆಯ ಪಂಪು ಹುಡುಕಿ, ಎರಡಕ್ಕೂ ಪುಲ್ಲಿ ಹಾಕಿ ನಡುವೆ ಬೆಲ್ಟು ಎಳೆದು ನೀರೆತ್ತುತ್ತಿದ್ದರು. ಮೋಟಾರಿನ ಪುಲ್ಲಿ ದೊಡ್ಡದಾದರೆ ಪಂಪು ಜೋರಾಗಿ ತಿರುಗುತ್ತದೆ, ಪಂಪಿನ ಪುಲ್ಲಿ ದೊಡ್ಡದಾದರೆ ನಿಧಾನ. ಯಾವುದಕ್ಕೆ ಎಷ್ಟು ಇಂಚು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಂದಾಜಿನಲ್ಲಿ ಮಾಡಿಸುವುದು, ಬೆಲ್ಟು ಸುಟ್ಟುಕೊಳ್ಳುವುದು, ಮತ್ತೆ ಮಾಡಿಸುವುದು.

ಬಾಗೂರಿನ ರೈತರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದರು. "ಏನಪ್ಪ, ಡಿಗ್ರಿ ಮಾಡೀಯಂತಲ್ಲ, ನನ್ನ ಪಂಪಿಗೆ ಎಷ್ಟಿಂಚಿನ ಪುಲ್ಲಿ ಬೇಕು ಹೇಳು ನೋಡಾಣ."

ನಾನು ಬಸ್ ಟಿಕೆಟ್ಟಿನ ಹಿಂದೆ ಗುಣಿಸಿ ಭಾಗಿಸಿ ಹೇಳಿದೆ. ಅವರ ಪಂಪು ಸರಿಯಾಗಿ ನೀರು ಉಗುಳಿತು. ನನ್ನ ಡಿಗ್ರಿ ಮೊದಲ ಸಲ ಭೂಮಿಗೆ ಇಳಿದದ್ದು ಅವತ್ತು. ಮರುವಾರ ಸ್ಕೂಲಿನ ಗೇಟಿನ ಹತ್ತಿರ ನಾಲ್ಕು ಜನ, ಅದರ ಮರುವಾರ ಒಂಬತ್ತು ಜನ. ದಿನಾ ಲೆಕ್ಕ ಮಾಡಿ ಸಾಕಾಗಿ ಒಂದು ಭಾನುವಾರ ಕೂತು ಪಟ್ಟಿ ಹಾಕಿಬಿಟ್ಟೆ. ಎಡಗಡೆ ಪಂಪಿನ ತಗಡಿನ ಮೇಲೆ ನಿಮಿಷಕ್ಕೆ ಇಷ್ಟು ಎಂದು ಬರೆದಿರುವ ಸುತ್ತು, ಮೇಲ್ಗಡೆ ಮೋಟಾರಿನ ಪುಲ್ಲಿ ಎಷ್ಟಿಂಚು, ಎರಡೂ ಕೂಡುವ ಮನೆಯಲ್ಲಿ ಪಂಪಿಗೆ ಬೇಕಾದ ಪುಲ್ಲಿ. ಲೆಕ್ಕ ಬಾರದವನೂ ಎರಡು ಬೆರಳು ಇಟ್ಟು ನೋಡಬಹುದು. ಕೆಳಗೆ ಎರಡು ಸಾಲು ಬರೆದೆ:

"ಇದು ಕರೆಂಟ್ ಮೋಟಾರಿಗೆ ಮಾತ್ರ. ಡೀಸೆಲ್ ಇಂಜಿನ್ನಿಗೆ ನಡೆಯದು, ಕೇಳಿದರೆ ಬೇರೆ ಲೆಕ್ಕ ಮಾಡಿಕೊಡುತ್ತೇನೆ.

ಯಾರು ಬೇಕಾದರೂ ನಕಲು ಮಾಡಿಕೊಳ್ಳಿ. ಮಾರಬೇಡಿ. ಈ ಎರಡು ಸಾಲು ಬಿಡಬೇಡಿ. ಸೈನ್ಸ್ ಮೇಷ್ಟ್ರು, ಶ್ರೀರಾಂಪುರ."

ಕಾರ್ಬನ್ ಹಾಳೆ ಇಟ್ಟು ಮೂರು ಮೂರು ಪ್ರತಿ ತೆಗೆದೆ. ಹೊಸದುರ್ಗದಲ್ಲಿ ಪುಲ್ಲಿ ಕಡೆದುಕೊಡುವ ಲೇತು ಇಟ್ಟಿದ್ದ ಮೇಸ್ತ್ರಿ ಒಂದನ್ನು ಗೋಡೆಗೆ ಅಂಟಿಸಿದರು. ಅಲ್ಲಿಂದ ಹೊಳಲ್ಕೆರೆಯ ವೆಲ್ಡಿಂಗ್ ಅಂಗಡಿಗೆ, ಭೀಮಸಮುದ್ರದ ತೋಟಗಳಿಗೆ, ಹಿರಿಯೂರಿನ ಕಡೆಗೆ ಅದು ಹೇಗೆ ಹೋಯಿತೋ ನನಗೆ ಗೊತ್ತಿಲ್ಲ. ಒಬ್ಬ ಕಂಡಕ್ಟರು ಟಿಕೆಟ್ ಪುಸ್ತಕದೊಳಗೆ ಒಂದು ನಕಲು ಇಟ್ಟುಕೊಂಡು ದಾರಿಯಲ್ಲಿ ಕೇಳಿದವರಿಗೆ ಓದಿ ಹೇಳುತ್ತಿದ್ದ. ನನಗಂತೂ ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ನೆಲಕ್ಕೆ ಇಳಿಸಿದವರು ಹಿರಿಯೂರಿನ ಕಡೆಯ ಒಬ್ಬ ರೈತರು. ಒಂಬತ್ತನೆಯ ತರಗತಿಗೆ ನಾನು ಶಾಖದ ಪಾಠ ಮಾಡುತ್ತಿರುವಾಗ ಸೀದಾ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒಂದು ಗುಲಾಬಿ ಬಣ್ಣದ ಹಾಳೆ.

"ನೀವೇ ಏನ್ರೀ ಪುಲ್ಲಿ ಲೆಕ್ಕದ ಮೇಷ್ಟ್ರು? ನಿಮ್ ಲೆಕ್ಕ ನನ್ನ ಬದನೆಗಿಡಕ್ಕೆ ಅರ್ಥ ಆಗ್ಲಿಲ್ಲ ಕಣ್ರಿ. ಇಂಜಿನ್ನು ಊರೆಲ್ಲಾ ಎದ್ದೇಳಂಗೆ ಬಡ್ಕಂತೈತೆ. ನೀರು ಮಾತ್ರ ಪೈಪಿನಾಗೆ ಅರ್ಧಕ್ಕೆ ಬಂದು, ಇಣುಕಿ ನೋಡಿ, ವಾಪಸ್ ಹೋಗ್ತೈತೆ!"

ತರಗತಿಗೆ ತರಗತಿಯೇ ನಕ್ಕಿತು. ಹಾಳೆ ತೆಗೆದುಕೊಂಡು ನೋಡಿದೆ. ಅಚ್ಚಾದ ಪಟ್ಟಿ. ಮೇಲೆ ಲಕ್ಷ್ಮಿಯ ಚಿತ್ರ, ನಡುವೆ ನನ್ನ ಅಂಕಿಗಳು ಒಂದೂ ಬಿಡದೆ, ಕೆಳಗೆ ನನ್ನ ಎರಡು ಸಾಲು ಇರಬೇಕಾದ ಜಾಗದಲ್ಲಿ ಚಿತ್ರದುರ್ಗದ ಒಂದು ಬೆಲ್ಟು-ಪೈಪಿನ ಅಂಗಡಿಯ ವಿಳಾಸ. ಎಂಟಾಣೆಗೆ ಒಂದರಂತೆ ಮಾರುತ್ತಿದ್ದರಂತೆ. ರೈತರದು ಡೀಸೆಲ್ ಇಂಜಿನ್ನು. ಅದು ತಿರುಗುವುದು ಮೋಟಾರಿನ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ. ನನ್ನ ಪಟ್ಟಿಯ ಪುಲ್ಲಿ ಹಾಕಿದರೆ ನೀರು ಮೇಲೆ ಹೇಗೆ ಬಂದೀತು? ಅವರಿಗೆ ಸರಿಯಾದ ಅಳತೆ ಬರೆದುಕೊಟ್ಟು, ಹೊಸದುರ್ಗದ ಮೇಸ್ತ್ರಿಯ ಹತ್ತಿರ ಕಳಿಸಿದೆ.

ಸಂಜೆ ಹೆಡ್‌ಮಾಸ್ಟರು ಕರೆದರು. ಒಳ್ಳೆಯವರೇ, ಆದರೆ ಎಲ್ಲದಕ್ಕೂ ಹೆದರುವವರು. "ನೋಡ್ರಿ, ನಿಮ್ಮದು ಟೆಂಪರವರಿ. ಇವತ್ತು ಒಬ್ರು ಬಂದ್ರು, ನಾಳೆ ಹತ್ತು ಜನ ಬಂದು 'ಈ ಮೇಷ್ಟ್ರ ಲೆಕ್ಕ ತಪ್ಪು' ಅಂದ್ರೆ, ಮುಂದಿನ ವರ್ಷಕ್ಕೆ ನಿಮ್ಮ ಬಗ್ಗೆ ನಾನೇನಂತ ಬರೀಲಿ?"

ಕೆಲಸದ ಚಿಂತೆ ಒಂದು ಕಡೆಯಾಯಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ 'ಲೆಕ್ಕ ತಪ್ಪು' ಎಂಬ ಮಾತು. ನಮ್ಮ ದೊಡ್ಡಪ್ಪ ಮೊದಲಿನಿಂದಲೂ "ಕುರಿ ಕಾಯೋದು ಬಿಟ್ಟು ಅಕ್ಷರ ಕಾಯಕ್ಕೆ ಹೋಗವ್ನೆ, ಎಷ್ಟು ಉಣ್ಣೆ ಬರ್ತೈತೋ ನೋಡಾಣ" ಎಂದು ಆಡಿಕೊಳ್ಳುತ್ತಿದ್ದ. ಈ ಸುದ್ದಿ ಅವನ ಕಿವಿಗೆ ಬಿದ್ದರೆ ಹಟ್ಟಿಯಿಂದ ಇನ್ನೊಬ್ಬನನ್ನು ಸ್ಕೂಲಿಗೆ ಕಳಿಸುವವರು ಯಾರು?

ಶನಿವಾರ ಹಟ್ಟಿಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕೋರ್ಟು, ವಕೀಲರು, ನೋಟೀಸು ಎಂದೆಲ್ಲ ಮಾತಾಡಿದೆ. ಅಪ್ಪ ನನ್ನ ಪಟ್ಟಿ, ಆ ಗುಲಾಬಿ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಆಮೇಲೆ ಕೆಳಗಿನ ತುದಿಯ ಮೇಲೆ ಬೆರಳಿಟ್ಟ.

"ಕಿವಿ ಕೊಯ್ದವ್ರೆ."

"ಹೌದಪ್ಪ."

"ನಾಳಿದ್ದು ದುರ್ಗಕ್ಕೆ ಹೋಗಾಣ. ನಿನ್ನ ಕಾರ್ಬನ್ ಹಾಳೆ ತಗಾ. ನಾನು ಕಂಬಳಿ ತರ್ತೀನಿ."

ನಮ್ಮಲ್ಲಿ ಹಾಗೊಂದು ಪದ್ಧತಿ ಇತ್ತು. ಕಿವಿ ಕೊಯ್ದ ಕುರಿ ಬೇರೆಯವನ ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ, ಕಂಡರೆ ಜಗಳ ಮಾಡುವಂತಿಲ್ಲ. ಕುರಿ ಕಳಕೊಂಡವನು ಹೋಗಿ ಆ ಮನೆಯ ಬಾಗಿಲ ಮುಂದೆ ಕಂಬಳಿ ಹಾಸಿ ಕೂರಬೇಕು. ಹೋಗುವವರಿಗೆ ಬರುವವರಿಗೆ ನಮಸ್ಕಾರ ಮಾಡಿ ತನ್ನ ಕುರಿಯ ಗುರುತು ಹೇಳಬೇಕು. ಬೈಯಬಾರದು, ಮನೆಯವನ ಹೆಸರೂ ಎತ್ತಬಾರದು. ಮನೆಯವನೇ ಹೊರಗೆ ಬಂದು "ಒಳಗೆ ಬಾ" ಅನ್ನುವವರೆಗೆ ಅದೇ ಕೆಲಸ.

"ಅಪ್ಪ, ಅದು ಹಟ್ಟಿಯಲ್ಲ, ದುರ್ಗ. ಅಲ್ಲಿ ಇದೆಲ್ಲ ನಡೆಯಲ್ಲ" ಎಂದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು. ಕಾಲೇಜು ಓದಿದ ಊರು, ಪ್ಯಾಂಟು ಹಾಕಿಕೊಂಡು ಕಂಬಳಿಯ ಮೇಲೆ ಕೂರುವುದೆಂದರೇನು?

"ಅಂಗಡಿಗೆ ಬಾಗಿಲು ಐತೋ ಇಲ್ವೋ?"

"ಐತೆ."

"ಮತ್ತೆ? ಸಾಕು ನಡಿ."

ಸೋಮವಾರ ಸ್ಕೂಲಿಗೆ ರಜೆ ಹಾಕಿದೆ; ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ನಾವು ಮೆಟ್ಟಿಲ ಪಕ್ಕದಲ್ಲಿದ್ದೆವು. ಅಪ್ಪ ಕಂಬಳಿ ಝಾಡಿಸಿ ಹಾಸಿದ. ನಾನು ಶೂ ಬಿಚ್ಚಿ, ಯಾರಾದರೂ ಹಳೆಯ ಲೆಕ್ಚರರು ಈ ದಾರಿಯಲ್ಲಿ ಬರುತ್ತಾರೇನೋ ಎಂದು ಅತ್ತಿತ್ತ ನೋಡುತ್ತ ಕೂತೆ. ಮೊದಲ ಗಿರಾಕಿ ಬರುತ್ತಿದ್ದಂತೆ ಅಪ್ಪ ಕೈಮುಗಿದ.

"ನಮಸ್ಕಾರ ಕಣ್ರಿ. ಪುಲ್ಲಿ ಪಟ್ಟಿ ತಗಣಕ್ಕೆ ಬಂದ್ರಾ? ನಿಮ್ಮದು ಕರೆಂಟ್ ಮೋಟಾರೋ, ಡೀಸೆಲ್ಲೋ?"

"ಡೀಸೆಲ್ಲು. ಯಾಕಜ್ಜ?"

"ಹಂಗಾದ್ರೆ ಆ ಪಟ್ಟಿ ನಿಮಗಲ್ಲ. ಇಲ್ಲಿ ಕುಂತ್ಕಳ್ರಿ, ನನ್ನ ಮಗ ಲೆಕ್ಕ ಮಾಡಿಕೊಡ್ತಾನೆ. ಬಿ.ಎಸ್ಸಿ. ಪುಕ್ಸಟ್ಟೆ."

ಪುಕ್ಸಟ್ಟೆ ಎಂದದ್ದು ಲೆಕ್ಕಕ್ಕೋ ಬಿ.ಎಸ್ಸಿ.ಗೋ ಎಂದು ಆ ಮನುಷ್ಯ ಒಂದು ಕ್ಷಣ ಯೋಚಿಸಿ, ನಗುತ್ತ ಕಂಬಳಿಯ ತುದಿಯಲ್ಲಿ ಕೂತ. ಎರಡನೆಯವನದು ಮೋಟಾರು, ಅವನಿಗೆ ಕೈಬರಹದ ಪಟ್ಟಿ ಕೊಟ್ಟೆ. ಹನ್ನೊಂದು ಗಂಟೆಯ ಹೊತ್ತಿಗೆ ಕಂಬಳಿಯ ಮೇಲೆ ಜಾಗ ಇರಲಿಲ್ಲ. ಯಾರೋ ಒಬ್ಬರು ಎಲೆಯಡಿಕೆ ಚೀಲ ಬಿಚ್ಚಿದರು. ಇನ್ನೊಬ್ಬರು ತಮ್ಮ ಬಾವಿಯ ಕಥೆ ಶುರು ಮಾಡಿದರು. ನನ್ನ ನಾಚಿಕೆ ಯಾವಾಗ ಹೋಯಿತೋ, ಬೆರಳೆಲ್ಲ ಕಾರ್ಬನ್ನಿನ ನೀಲಿಯಾಗಿತ್ತು.

ಸಾವ್ಕಾರರು ಕನ್ನಡಕವನ್ನು ಹಣೆಗೇರಿಸಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತರು. "ಏನಜ್ಜ ಇದು, ನನ್ನ ಅಂಗಡಿ ಮುಂದೆ ನಿನ್ನ ಅಂಗಡಿ?"

"ಅಂಗಡಿ ಅಲ್ಲ ಸಾವ್ಕಾರ್ರೆ, ನಮ್ಮದೊಂದು ಟಗರು ತಪ್ಪಿಸ್ಕಂಡೈತೆ. ಗುರುತು ಹೇಳ್ತಾ ಕುಂತಿದ್ದೀವಿ."

ಸಾವ್ಕಾರರು ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. ಅರ್ಥವಾಯಿತು. "ಓ, ಇದಾ? ಲೆಕ್ಕ ಅನ್ನೋದು ನಿಮ್ಮಪ್ಪನ ಆಸ್ತಿಯೇನಯ್ಯ? ಎರಡೆರಡ್ಲಿ ನಾಕು, ಎಲ್ಲರದ್ದೂ ನಾಕೇ" ಎಂದರು ನನಗೆ.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, "ನಿಜ ಸಾವ್ಕಾರ್ರೆ, ಎಲ್ಲರದ್ದೂ. ಅದ್ಕೇ ಒಬ್ರು ಮಾರಂಗಿಲ್ಲ."

ಕಂಬಳಿಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಸಾವ್ಕಾರರೂ ನಗು ತಡೆಯಲು ತುಟಿ ಕಚ್ಚಿಕೊಂಡರು. "ಎದ್ದೇಳ್ರಿ, ಒಳಗೆ ಬರ್ರಿ. ಟೀ ತರಿಸ್ತೀನಿ" ಎಂದರು. ಅಪ್ಪ ಕಂಬಳಿ ಮಡಚಿದ. ಕರೆದಾಯಿತಲ್ಲ!

ಒಳಗೆ ಟೀ ಕುಡಿಯುತ್ತ ಸಾವ್ಕಾರರು ನನ್ನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. "ನೋಡು ತಮ್ಮ, ತಪ್ಪಾಗೈತೆ ಅನ್ಕೋ. ಮುಂದಿನ ಸಲ ಅಚ್ಚು ಹಾಕಿಸುವಾಗ ಲಕ್ಷ್ಮಿ ಕೆಳಗೆ ನಿನ್ನ ಹೆಸರು, ಮುಂದೆ ಬಿ.ಎಸ್ಸಿ. ಅಂತ ದಪ್ಪಕ್ಷರದಾಗೆ ಹಾಕಿಸ್ತೀನಿ. ಜಿಲ್ಲೆಗೆಲ್ಲಾ ಗೊತ್ತಾಗ್ತೀಯ. ಮಾರೋದು ಮಾತ್ರ ಬಿಡಲ್ಲ, ಏನಂತೀಯ?"

ಈಗ ಸುಳ್ಳು ಹೇಳಲಾರೆ, ಆಸೆಯಾಯಿತು. ನನ್ನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ. ಪಾಸಾದವರ ಪಟ್ಟಿಯಲ್ಲಿ ಕೂಡ ಬರೀ ನಂಬರು. ಲಕ್ಷ್ಮಿಯ ಕೆಳಗೆ ದಪ್ಪಕ್ಷರದ ಬಿ.ಎಸ್ಸಿ. ಕಣ್ಣ ಮುಂದೆ ಬಂದು ನಿಂತಿತು. ದೊಡ್ಡಪ್ಪನ ಮುಖವೂ ಬಂತು. ಅಪ್ಪ ಟೀ ಬಸಿಗೆ ಸುರಿದುಕೊಂಡು ಊದುತ್ತ ಕೂತಿದ್ದ, ಇದು ನಿನ್ನ ಟಗರು ಎನ್ನುವ ಹಾಗೆ.

ಆದರೆ ಕಣ್ಣ ಮುಂದೆ ಆ ಹಿರಿಯೂರಿನ ಪೈಪೂ ಬಂತಲ್ಲ, ನೀರು ಇಣುಕಿ ವಾಪಸ್ ಹೋಗುವ ಪೈಪು. ಅದರ ಮೇಲೆ ನನ್ನ ಹೆಸರು ಬಿದ್ದರೆ ಯಾರಿಗೆ ಹೆಮ್ಮೆ?

"ಹೆಸರು ಬೇಡ. ಆ ದಪ್ಪಕ್ಷರದಲ್ಲಿ ನನ್ನ ಎರಡು ಸಾಲು ಹಾಕಿಸಿ. ಪಟ್ಟಿ ಪುಕ್ಸಟ್ಟೆ ಕೊಡಿ. ಡೀಸೆಲ್ಲಿಗೆ ಬೇರೆ ಪಟ್ಟಿ ನಾನೇ ಮಾಡಿಕೊಡ್ತೀನಿ, ಅದನ್ನೂ ಹಂಗೇ ಕೊಡಿ" ಎಂದೆ.

"ಪುಕ್ಸಟ್ಟೆ ಕೊಟ್ರೆ ನನಗೇನಯ್ಯ ಲಾಭ?"

ಅಪ್ಪ ಬಸಿ ಕೆಳಗಿಟ್ಟ. "ಪಟ್ಟಿ ಇಸ್ಕಳಕ್ಕೆ ಬಂದೋನು ಬೆಲ್ಟು ಎಲ್ಲಿ ತಗಂತಾನೆ ಸಾವ್ಕಾರ್ರೆ? ನನ್ನ ಕಂಬಳಿ ಮೇಲಾ?"

ಸಾವ್ಕಾರರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಟ್ಟರು. "ನಿನ್ನ ಮಗನಿಗಿಂತ ನೀನೇ ಜಾಸ್ತಿ ಓದಿದಂಗೈತೆ ಬಿಡಜ್ಜ."

ಅಚ್ಚಾಗಿ ಉಳಿದಿದ್ದ ಗುಲಾಬಿ ಹಾಳೆಗಳ ಕಟ್ಟು ಮೂಲೆಯಲ್ಲಿತ್ತು. ಅವನ್ನು ಎಸೆಯಲು ಸಾವ್ಕಾರರಿಗೆ ಮನಸ್ಸಿಲ್ಲ, ಹಾಗೇ ಬಿಡಲು ನಮಗೆ ಮನಸ್ಸಿಲ್ಲ. ಕೊನೆಗೆ ಮೂವರೂ ಕೂತೆವು. ಪ್ರತಿ ಹಾಳೆಯ ಅಂಚಿನಲ್ಲಿ ನಾನು ಎರಡು ಸಾಲು ಬರೆಯುವುದು, ಸಾವ್ಕಾರರು ಮಸಿ ಹೀರುವ ಕಾಗದ ಒತ್ತುವುದು, ಅಪ್ಪ ರೊಪ್ಪದ ಬಾಗಿಲಲ್ಲಿ ಕುರಿ ಬಿಡುವ ಹಾಗೆ ಒಂದೊಂದನ್ನೇ ಆ ಕಡೆಗೆ ತಳ್ಳುವುದು. ಬರೆಯದ ಒಂದು ಹಾಳೆ ನುಸುಳಲು ನೋಡಿದರೆ ಸಾಕು, ಓದು ಬಾರದ ಅಪ್ಪ "ಲೇ, ಇದಕ್ಕೆ ಕಿವಿ ಇಲ್ಲ" ಎಂದು ವಾಪಸ್ ಕೊಡುತ್ತಿದ್ದ.

ಹಿರಿಯೂರಿನ ರೈತರು ಮತ್ತೆ ಸ್ಕೂಲಿಗೆ ಬಂದರು. ಈ ಸಲ ತಲೆಯ ಮೇಲೆ ಬದನೆಕಾಯಿಯ ಬುಟ್ಟಿ. ಅದನ್ನು ಹೆಡ್‌ಮಾಸ್ಟರ ಮೇಜಿನ ಮೇಲೇ ಇಳಿಸಿ, "ಮೇಷ್ಟ್ರ ಲೆಕ್ಕ ಗಿಡಕ್ಕೆ ಅರ್ಥ ಆತು ಕಣ್ರಿ" ಎಂದರು. ಮುಂದಿನ ವರ್ಷವೂ ನನ್ನ ಟೆಂಪರವರಿ ಹಾಗೇ ಮುಂದುವರಿಯಿತು. ದೊಡ್ಡಪ್ಪ ಮೊಮ್ಮಗಳನ್ನು ಸ್ಕೂಲಿಗೆ ಸೇರಿಸಿದ. ನನ್ನಿಂದಾಗಿ ಅಲ್ಲವಂತೆ, ಅವಳೇ ಹಟ ಮಾಡಿದ್ದಂತೆ.

ಎರಡು ವರ್ಷದ ಮೇಲೆ ಅಪ್ಪನೂ ನಾನೂ ಹೊಳಲ್ಕೆರೆಯಲ್ಲಿ ಬಸ್ಸು ತಪ್ಪಿ, ಒಂದು ರಿಪೇರಿ ಅಂಗಡಿಯ ನೆರಳಿನಲ್ಲಿ ನಿಂತಿದ್ದೆವು. ಗೋಡೆಯ ಮೇಲೆ ಪಟ್ಟಿ. ನನ್ನ ಕೈಬರಹವಲ್ಲ, ಸಾವ್ಕಾರರ ಅಚ್ಚೂ ಅಲ್ಲ. ನಕಲಿನ ನಕಲಿನ ನಕಲು ಇರಬೇಕು, ಯಾರೋ ಸೀಮೆಸುಣ್ಣದಷ್ಟು ದಪ್ಪ ಪೆನ್ಸಿಲಿನಲ್ಲಿ ಬರೆದದ್ದು. ಅಪ್ಪ ನೇರವಾಗಿ ಕೆಳಗಿನ ತುದಿಗೆ ಬೆರಳಿಟ್ಟ.

"ಲೇ, ಇಲ್ಲಿ ಮೂರು ಸಾಲು ಅವೆ."

ಹೌದು. ನನ್ನೆರಡು ಸಾಲು ಇದ್ದಹಾಗೇ ಇದ್ದವು, ಶ್ರೀರಾಂಪುರವೂ ಇತ್ತು. ಅದರ ಕೆಳಗೆ ಬೇರೆ ಯಾರದೋ ಬುದ್ಧಿ: "ಹೊಸ ಬೆಲ್ಟು ನಾಲ್ಕು ದಿನಕ್ಕೆ ಸಡಿಲ ಆಗುತ್ತೆ, ಮತ್ತೆ ಬಿಗಿ ಮಾಡಿ." ನನಗೆ ಹೊಳೆಯದೇ ಹೋದ ಮಾತು ಅದು. ಓದಿ ಹೇಳಿದೆ.

ಅಪ್ಪ ಕಂಬಳಿಯನ್ನು ಹೆಗಲಿಗೆ ಸರಿಮಾಡಿಕೊಂಡು ಖುಷಿಯಾಗಿ ಹೇಳಿದ, "ನಮ್ಮ ಟಗರಿಗೆ ಮರಿ ಹುಟ್ಟೈತೆ ಬಿಡು."