ಐವತ್ತೆರಡು ಕುರ್ಚಿಗಳ ಬೇಸಿಗೆ

ಬೆಳಗಿನ ಐದು ಗಂಟೆ. ಬಚ್ಚಲಿನ ದೀಪ ಹಾಕಿಕೊಂಡು ಅಜ್ಜಿ ನೀಲಿ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ನೀರಿನಲ್ಲಿ ಸುರುಳಿ ಸುತ್ತಿದ ಬೆತ್ತದ ಎಳೆಗಳು. ಅರ್ಧ ಗಂಟೆ ನೆನೆದರೆ ಎಳೆ ಹೇಳಿದ ಮಾತು ಕೇಳುತ್ತದೆ. ಕಡಿಮೆ ನೆನೆದರೆ ಮುರಿಯುತ್ತದೆ, ಹೆಚ್ಚು ನೆನೆದರೆ ಕಪ್ಪಾಗುತ್ತದೆ. ಐದೂವರೆಗೆ ಟಬ್ಬು ಖಾಲಿಯಾಗಲೇಬೇಕು, ಯಾಕೆಂದರೆ ಆಮೇಲೆ ಅದು ಮೊಮ್ಮಕ್ಕಳ ಸ್ನಾನದ ಟಬ್ಬು. ಬಾಗಿಲ ಹೊರಗೆ ಆಗಲೇ ಒಬ್ಬ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡು ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದಾನೆ.

ಅಜ್ಜಿಗೆ ಅರವತ್ತೆಂಟು. ಬೀದಿಯವರ ಬಾಯಲ್ಲಿ ಅವರು 'ಕುರ್ಚಿ ಅಜ್ಜಿ'. ಊರಿನ ಒಂದು ಶಾಲೆಯ ಗ್ರಂಥಾಲಯದಲ್ಲೂ ಶಿಕ್ಷಕರ ಕೋಣೆಯಲ್ಲೂ ಇರುವ ಬೆತ್ತದ ಕುರ್ಚಿಗಳಲ್ಲಿ ವರ್ಷವಿಡೀ ಹರಿದವು ಬೇಸಿಗೆ ರಜೆ ಶುರುವಾದ ದಿನ ಅವರ ಮನೆಗೆ ಬರುತ್ತವೆ. ಅದೇ ವಾರ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಅವರ ಮಕ್ಕಳೆಲ್ಲ ಗಂಟುಮೂಟೆ ಸಮೇತ ಬಂದಿಳಿಯುತ್ತಾರೆ. ದೊಡ್ಡವರು ಕೆಲಸಕ್ಕೆ ರಜೆ ಸಿಕ್ಕಂತೆ ಬಂದು ಹೋಗುತ್ತಿರುತ್ತಾರೆ, ಮಕ್ಕಳು ಮಾತ್ರ ಶಾಲೆ ತೆರೆಯುವವರೆಗೆ ಕದಲುವುದಿಲ್ಲ. ಎರಡು ಕೋಣೆ, ಒಂದು ಪಡಸಾಲೆ, ಮೇಲೊಂದು ತಾರಸಿ, ಇಷ್ಟೇ ಮನೆ. ಈ ವರ್ಷ ಬಂದದ್ದು ಐವತ್ತೆರಡು ಕುರ್ಚಿ, ಆರು ಮೊಮ್ಮಕ್ಕಳು. ಇಷ್ಟು ಕುರ್ಚಿಗಳಿರುವ ಮನೆಯಲ್ಲಿ ಬಂದ ನೆಂಟರಿಗೆ ಕೂರಲು ಒಂದೂ ಇಲ್ಲ. ಅಳಿಯಂದಿರು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾರೆ.

ಲೆಕ್ಕ ಸರಳವಾಗಿಯೇ ಕಾಣುತ್ತದೆ. ರಜೆ ಅರವತ್ತು ದಿನ, ಕುರ್ಚಿ ಐವತ್ತೆರಡು, ದಿನಕ್ಕೊಂದು. ಒಂದು ಕುರ್ಚಿಯ ಚೌಕಟ್ಟಿನಲ್ಲಿ ಅರವತ್ತೆಂಟು ತೂತು. ಒಂದು ಕುರ್ಚಿಗೆ ಹತ್ತಿರ ಹತ್ತಿರ ಎಪ್ಪತ್ತು ಮೀಟರು ಎಳೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ ಎರಡು ಓರೆ. ಅದಾದ ಮೇಲೆ ಅಂಚು ಕಟ್ಟುವುದು. ಈ ಲೆಕ್ಕದಲ್ಲಿ ಸೇರದಿರುವುದು ಒಂದೇ: ನಡುನಡುವೆ ಹನ್ನೊಂದು ಮಂದಿಗೆ ಅಡುಗೆ, ಎರಡು ಮೊಣಕಾಲಿನ ಗಾಯ, ಒಂದು ಹಲ್ಲುನೋವು, ತಾರಸಿಯಿಂದ ಪಕ್ಕದ ಮನೆಗೆ ಹಾರಿದ ಚೆಂಡು, ಯಾರು ಯಾರ ದಿಂಬು ಕದ್ದರು ಎಂಬ ದಿನನಿತ್ಯದ ಪಂಚಾಯಿತಿ.

"ಮೊಮ್ಮಕ್ಕಳು ಬೇಡ ಅಂತಲ್ಲ. ಅವರು ಬರ್ತಾರೆ ಅಂತಾನೇ ವರ್ಷವೆಲ್ಲ ಕಾಯ್ತೀನಿ. ಕುರ್ಚಿನೂ ಅದೇ ಹೊತ್ತಿಗೆ ಬರುತ್ತೆ, ಏನ್ ಮಾಡೋದು? ಎರಡಕ್ಕೂ ಶಾಲೆ ರಜೆನೇ ಬೇಕು," ಎನ್ನುತ್ತಾರೆ ಅಜ್ಜಿ, ಎಳೆಯನ್ನು ಬಾಯಲ್ಲಿ ಕಚ್ಚಿಕೊಂಡೇ.

ಈ ಕೆಲಸ ಅವರ ಗಂಡನದು. ಗಂಡ ಇದ್ದಾಗ ಅಜ್ಜಿ ಅಂಚು ಕಟ್ಟುತ್ತಿದ್ದರು, ಅಷ್ಟೇ. ಹದಿನೆಂಟು ವರ್ಷದ ಹಿಂದೆ ಗಂಡ ಹಾಸಿಗೆ ಹಿಡಿದು ಎರಡೇ ತಿಂಗಳಲ್ಲಿ ಹೋಗಿಬಿಟ್ಟಾಗ ಪಡಸಾಲೆಯಲ್ಲಿ ಇಪ್ಪತ್ತಮೂರು ಕುರ್ಚಿಗಳು ಅರ್ಧಕ್ಕೆ ನಿಂತಿದ್ದವು. ಹೇಳಿಕೊಡುವವರು ಯಾರೂ ಇರಲಿಲ್ಲ. ಗಂಡ ಕೊನೆಯದಾಗಿ ಮುಗಿಸಿದ್ದ ಒಂದು ಕುರ್ಚಿಯನ್ನು ಅಜ್ಜಿ ಒಂದೊಂದೇ ಎಳೆ ಬಿಚ್ಚುತ್ತಾ ಹೋದರು, ಬಿಚ್ಚಿದ್ದನ್ನು ಪಕ್ಕದ ಕುರ್ಚಿಗೆ ಹಾಕುತ್ತಾ ಹೋದರು. ಹಾಗೆ ಕಲಿತದ್ದು. "ಅವರು ಹಾಕಿದ್ದನ್ನ ಬಿಚ್ಚೋಕೆ ಮನಸ್ಸೇ ಬರ್ತಿರಲಿಲ್ಲ. ಆದರೆ ಅವರೇ ಪಕ್ಕದಲ್ಲಿ ಕೂತು ಹೇಳಿಕೊಟ್ಟ ಹಾಗೂ ಇತ್ತು," ಎನ್ನುತ್ತಾರೆ.

ಈ ಬೇಸಿಗೆ ಮಾತ್ರ ಹಿಂದಿನ ಹದಿನೇಳರಂತಿಲ್ಲ. ಕುರ್ಚಿಗಳನ್ನು ಇಳಿಸಲು ಬಂದ ಶಾಲೆಯ ಮ್ಯಾನೇಜರು ನಿಂತಲ್ಲೇ ಒಂದು ಮಾತು ಹೇಳಿ ಹೋಗಿದ್ದಾರೆ. ಕಳೆದ ವರ್ಷ ಆರು ಕುರ್ಚಿ ತಡವಾಗಿ ಬಂದವಂತೆ. ಈ ಸಲ ಹಾಗಾದರೆ ಎಲ್ಲವನ್ನೂ ತೆಗೆದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಬಿಡುತ್ತಾರಂತೆ. ಮ್ಯಾನೇಜರು ಕೆಟ್ಟವರೇನಲ್ಲ, ಪ್ಲಾಸ್ಟಿಕ್ಕಿನವನು ದಿನಾ ಫೋನು ಮಾಡುತ್ತಾನೆ, ಅಷ್ಟೇ. ಈ ಊರಲ್ಲಿ ಬೆತ್ತದ ಕುರ್ಚಿ ಉಳಿದಿರುವುದು ಆ ಶಾಲೆಯೊಂದರಲ್ಲೇ. ಅದು ಹೋದರೆ ಅಜ್ಜಿಯ ಕೆಲಸವೂ ಹೋಯಿತು.

ಆಸ್ಪತ್ರೆಯಲ್ಲಿ ನರ್ಸಾಗಿರುವ ಹಿರಿಯ ಮಗಳಿಗೆ ಈ ಸುದ್ದಿ ಕೇಳಿ ಒಳಗೊಳಗೇ ಖುಷಿ. ಅಮ್ಮನ ಬೆರಳುಗಳಿಗೆ ಪಟ್ಟಿ ಸುತ್ತುವ ಕೆಲಸ ರಜೆಯಲ್ಲೂ ಅವಳಿಗೆ ತಪ್ಪಿಲ್ಲ.

"ಹೋದರೆ ಹೋಗಲಿ ಬಿಡಮ್ಮ. ಎಷ್ಟು ದಿನ ಅಂತ ಕತ್ತೆ ಥರ ದುಡೀತೀಯ?"

"ಕತ್ತೆಗಾದ್ರೆ ಮಧ್ಯಾಹ್ನ ಬಿಡುವು ಸಿಗುತ್ತೆ ಕಣೇ. ಪಟ್ಟಿ ಬಿಗಿಯಾಗಿ ಸುತ್ತು, ಎಳೆ ಹಿಡಿಯೋಕೆ ಬರಬೇಕು."

ಕುರ್ಚಿ ತಯಾರಾದ ಮೇಲೆ ಪರೀಕ್ಷೆಯಾಗುತ್ತದೆ. ಪರೀಕ್ಷಕ ಕಿರಿಯ ಮಗಳ ಮಗ. ಹದಿಮೂರು ವರ್ಷ, ಮನೆಯಲ್ಲಿ ಎಲ್ಲರೂ ಕರೆಯುವುದು ಗುಂಡ ಎಂದು. ಅವನು ಎರಡು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು ಧೊಪ್ಪನೆ ಕೂರುತ್ತಾನೆ, ಮೂರು ಸಲ ಕುಪ್ಪಳಿಸುತ್ತಾನೆ, ಗಂಭೀರವಾಗಿ ತಲೆಯಾಡಿಸಿ "ಪಾಸ್" ಎನ್ನುತ್ತಾನೆ. ಇಲ್ಲಿಯವರೆಗೆ ಯಾವ ಕುರ್ಚಿಯೂ ನಪಾಸಾಗಿಲ್ಲ. ಪರೀಕ್ಷೆಗೊಂದು ಬಿಸ್ಕತ್ತು ಎಂಬ ಒಪ್ಪಂದ ಇರುವುದರಿಂದ ಅವನ ತೂಕವೂ ಕುರ್ಚಿಗಳ ಜೊತೆಜೊತೆಗೇ ಏರುತ್ತಿದೆ.

ಕೈಜೋಡಿಸುವವಳು ಇನ್ನೊಬ್ಬಳು, ಹಿರಿಯ ಮಗಳ ಮಗಳು, ಹನ್ನೊಂದು ವರ್ಷದ ಚೂಟಿ. ಬೇರೆ ಐವರು ತಾರಸಿಯಲ್ಲಿ ಗಲಾಟೆ ಮಾಡುವಾಗ ಇವಳು ಅಜ್ಜಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಅವರ ಕೈಯನ್ನೇ ನೋಡುತ್ತಿರುತ್ತಾಳೆ. ಮೊದಲು ಎಳೆ ಎತ್ತಿಕೊಡುತ್ತಿದ್ದಳು. ಆಮೇಲೆ ಎಳೆ ಜಾರದಂತೆ ತೂತಿಗೆ ಮರದ ಮೊಳೆ ಸಿಕ್ಕಿಸುತ್ತಿದ್ದಳು. ಈಗ ಕೆಲವು ದಿನಗಳಿಂದ ಅಜ್ಜಿ ಮಧ್ಯಾಹ್ನ ಅಡುಗೆಮನೆಗೆ ಹೋದಾಗ ಓರೆ ಎಳೆಗಳನ್ನು ಅವಳೇ ಹಾಕಿ ಮುಗಿಸುತ್ತಿದ್ದಾಳೆ. ಅಜ್ಜಿ ಕಲಿಸಿದ ಸೂತ್ರವನ್ನು ಗುಣುಗುಣಿಸುತ್ತಲೇ ಇರುತ್ತಾಳೆ: ಉದ್ದದ ಮೇಲೆ, ಅಡ್ಡದ ಕೆಳಗೆ. ಉದ್ದದ ಮೇಲೆ, ಅಡ್ಡದ ಕೆಳಗೆ. ಅವಳ ಬೆರಳು ಚುರುಕು. ಅಜ್ಜಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಶಾಲೆ ತೆರೆಯಲು ಒಂಬತ್ತು ದಿನ ಉಳಿದಿದೆ. ನಲವತ್ತಾರು ಕುರ್ಚಿಗಳ ಹೆಣಿಗೆ ಮುಗಿದಿದೆ, ಆರು ಬಾಕಿ. ಮೂರು ದಿನ ಕೈಯಲ್ಲೇ ಉಳಿಯುತ್ತದೆ ಎಂದುಕೊಂಡು ಅಜ್ಜಿ ಚೂಟಿ ಮುಗಿಸಿಟ್ಟ ಒಂಬತ್ತು ಕುರ್ಚಿಗಳಿಗೆ ಅಂಚು ಕಟ್ಟಲು ಕೂರುತ್ತಾರೆ. ಒದ್ದೆ ಬಟ್ಟೆಯಿಂದ ಮೊದಲನೆಯದನ್ನು ಒರೆಸುತ್ತಾರೆ. ಅಂಗೈ ನಿಲ್ಲುತ್ತದೆ. ಇನ್ನೊಮ್ಮೆ ಸವರುತ್ತಾರೆ. ಓರೆ ಎಳೆ ಉಳಿದ ಎಳೆಗಳ ನಡುವೆ ಜಾರಿ ಕೂತಿಲ್ಲ, ಪ್ರತಿ ಸಂದಿಯಲ್ಲೂ ತಡೆದು ಮೇಲೆದ್ದು ನಿಂತಿದೆ. ಎರಡನೆಯ ಕುರ್ಚಿಯೂ ಹಾಗೆಯೇ ಇದೆ. ಒಂಬತ್ತೂ ಹಾಗೆಯೇ ಇವೆ.

ಕಣ್ಣಿಗೆ ಇದು ಕಾಣುವುದಿಲ್ಲ. ಕನ್ನಡಕ ಹಾಕಿಕೊಂಡು ನೋಡಿದ ನರ್ಸು ಮಗಳಿಗೂ ಕಾಣುವುದಿಲ್ಲ. ಗುಂಡನೂ ಒಂಬತ್ತಕ್ಕೂ ಪಾಸು ಕೊಟ್ಟು ಒಂಬತ್ತು ಬಿಸ್ಕತ್ತು ತಿಂದಿದ್ದಾನೆ. ಆದರೆ ಹಾಗೆ ತಡೆದು ನಿಂತ ಎಳೆ, ಕೂತಾಗಲೆಲ್ಲ ಪಕ್ಕದ ಎಳೆಯನ್ನು ಗರಗಸದಂತೆ ಉಜ್ಜುತ್ತದೆ. ಒಂದೆರಡು ವರ್ಷದಲ್ಲಿ ತುಂಡಾಗುತ್ತದೆ, ಕೂತ ಮಗುವಿನ ತೊಡೆಗೆ ಚುಚ್ಚುತ್ತದೆ.

ತಪ್ಪು ಎಲ್ಲಿ ಎಂದು ತಿಳಿಯಲು ಅಜ್ಜಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಚೂಟಿ ಎಡಗೈಯವಳು. ಅವಳು ಎದುರಿಗೆ ಕೂತು ನೋಡಿ ಕಲಿತವಳು, ಓರೆಯನ್ನು ಶುರು ಮಾಡುವುದು ಅಜ್ಜಿಯ ಮೂಲೆಯಿಂದಲ್ಲ, ಅದರ ಪಕ್ಕದ ಮೂಲೆಯಿಂದ. ಆ ಮೂಲೆಯಿಂದ ಹೊರಟರೆ ಸೂತ್ರ ತಲೆಕೆಳಗಾಗಬೇಕು: ಅಡ್ಡದ ಮೇಲೆ, ಉದ್ದದ ಕೆಳಗೆ. ಅಜ್ಜಿ ಹೇಳಿಕೊಟ್ಟದ್ದು ತಮ್ಮ ಬಲಗೈಯ ಸೂತ್ರ. ಮಗು ಅದನ್ನು ಒಂದಕ್ಷರ ತಪ್ಪದೆ ಪಾಲಿಸಿದೆ.

"ಅಂಚು ಕಟ್ಟಿ ಕಳಿಸಿಬಿಡಮ್ಮ," ಎನ್ನುತ್ತಾಳೆ ಹಿರಿಯ ಮಗಳು. "ಮುಂದಿನ ರಜೆಗೆ ವಾಪಸ್ ತರಿಸಿಕೊಂಡು ಸರಿ ಮಾಡಿದ್ರಾಯ್ತು. ಈಗ ಬಿಚ್ಚಿದ್ರೆ ಟೈಮಿಗೆ ಮುಗಿಯಲ್ಲ. ನಿನಗೆ ಬೇಕಿರೋದು ಶಾಲೆಯವರು ಉಳೀಬೇಕು ಅಂತ ತಾನೆ?"

"ಹೌದು."

"ಮತ್ತೆ?"

ಅಜ್ಜಿ ಎದ್ದು ಒಂಬತ್ತೂ ಕುರ್ಚಿಗಳನ್ನು ಒಂದು ಬದಿಗೆ ಸರಿಸುತ್ತಾರೆ. ಮಕ್ಕಳೆಲ್ಲ ಪಾರ್ಕಿಗೆ ಹೋಗಲೆಂದು ಕಾಯುತ್ತಾರೆ. ಹೋದ ಮೇಲೆ ಚಾಕು ತಂದು, ಒಂದೊಂದೇ ಓರೆಯನ್ನು ಕತ್ತರಿಸಿ ಎಳೆಯುತ್ತಾರೆ. ಮೊಮ್ಮಗಳ ಕೈಕೆಲಸ ಕತ್ತರಿಸುವುದು ಗಂಡನ ಕೈಕೆಲಸ ಬಿಚ್ಚಿದ್ದಕ್ಕಿಂತ ಕಷ್ಟವಾಯಿತು ಎಂದು ಆಮೇಲೆ ಒಪ್ಪಿಕೊಳ್ಳುತ್ತಾರೆ. ಐದನೆಯ ಕುರ್ಚಿಯಲ್ಲಿರುವಾಗ ನೀರಿನ ಬಾಟಲಿ ಮರೆತು ಹೋಗಿದ್ದ ಚೂಟಿ ಬಾಗಿಲಲ್ಲಿ ನಿಂತಿರುತ್ತಾಳೆ. ನೆಲದ ಮೇಲೆ ರಾಶಿ ಬಿದ್ದ ಎಳೆಗಳನ್ನು ನೋಡುತ್ತಾಳೆ. ಬಾಟಲಿಯನ್ನೂ ತೆಗೆದುಕೊಳ್ಳದೆ ಹೊರಟುಹೋಗುತ್ತಾಳೆ.

ಮಾರನೆಯ ದಿನ ಅವಳು ಪಡಸಾಲೆಯ ಕಡೆ ತಲೆ ಹಾಕುವುದಿಲ್ಲ. ಅಜ್ಜಿ ಕರೆದರೆ ಹೊಟ್ಟೆನೋವು ಎನ್ನುತ್ತಾಳೆ. ಒಂಬತ್ತು ಕುರ್ಚಿಯ ಓರೆಗೆ ಮೂರು ದಿನ, ಬಾಕಿ ಆರಕ್ಕೆ ಆರು ದಿನ. ಒಂದು ಗಳಿಗೆಯನ್ನೂ ಪೋಲು ಮಾಡುವ ಹಾಗಿಲ್ಲ. ಆದರೂ ಅಜ್ಜಿ ಆ ಬೆಳಿಗ್ಗೆ ಶಾಲೆಯ ಕುರ್ಚಿ ಮುಟ್ಟುವುದಿಲ್ಲ. ಮನೆಯ ಹಳೆಯ ಸ್ಟೂಲೊಂದನ್ನು ಮುಂದಿಟ್ಟುಕೊಂಡು, ದಬ್ಬಳವನ್ನು ಎಡಗೈಗೆ ತೆಗೆದುಕೊಂಡು, ಓರೆ ಹಾಕಲು ಕೂರುತ್ತಾರೆ. ಅರವತ್ತೆಂಟು ವರ್ಷ ಲೋಟ ಹಿಡಿದು ಮಾತ್ರ ಗೊತ್ತಿದ್ದ ಕೈ ಅದು. ಎಳೆ ಜಾರುತ್ತದೆ, ದಬ್ಬಳ ಬಲಗೈಗೇ ಚುಚ್ಚುತ್ತದೆ. ಗುಂಡ ಪಕ್ಕದಲ್ಲಿ ನಿಂತು "ಅಜ್ಜಿ, ಇದು ಖಂಡಿತ ಫೇಲು" ಎನ್ನುತ್ತಾನೆ. ಮಧ್ಯಾಹ್ನದ ಹೊತ್ತಿಗೆ ವಕ್ರವಕ್ರವಾದರೂ ತಡೆಯಿಲ್ಲದ ಒಂದು ಜಾಲರಿ ಮುಗಿಯುತ್ತದೆ.

ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಮೊಮ್ಮಗಳ ಮುಂದೆ ಅಜ್ಜಿ ಆ ಸ್ಟೂಲನ್ನು ಇಡುತ್ತಾರೆ.

"ತಪ್ಪು ನಂದು ಕಣೇ. ನಿನ್ನ ಕೈಗೆ ಬೇರೆ ಥರ ಹೇಳಬೇಕಿತ್ತು. ನನಗೇ ಗೊತ್ತಿರಲಿಲ್ಲ, ಈಗ ಕಲಿತೆ."

ಚೂಟಿ ಸ್ಟೂಲನ್ನು ನೋಡುತ್ತಾಳೆ, ಅಜ್ಜಿಯ ಬೆರಳಿನ ಹೊಸ ಪಟ್ಟಿಯನ್ನು ನೋಡುತ್ತಾಳೆ. "ತುಂಬಾ ಸೊಟ್ಟಗಿದೆ," ಎನ್ನುತ್ತಾಳೆ.

"ಹ್ಞೂಂ. ನೀನು ನೆಟ್ಟಗೆ ಹಾಕು."

ಈ ಸಲ ಅವಳನ್ನು ಎದುರಿಗೆ ಕೂರಿಸುವುದಿಲ್ಲ, ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ಬಿಚ್ಚಿದ ಒಂಬತ್ತರಲ್ಲಿ ಮೂರು ಕುರ್ಚಿಗಳ ಓರೆಯನ್ನು ಮತ್ತೆ ಚೂಟಿಯೇ ಹಾಕುತ್ತಾಳೆ, ಆಮೆಯ ನಡಿಗೆಯಲ್ಲಿ, ಪ್ರತಿ ಸಾಲಿಗೂ ಅಂಗೈ ಸವರಿ ನೋಡುತ್ತಾ. ಅಷ್ಟು ಹೊತ್ತೂ ಅಜ್ಜಿ ತಮ್ಮ ಕೆಲಸ ಬದಿಗಿಟ್ಟು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಒಟ್ಟಿನಲ್ಲಿ ಕಳೆದದ್ದು ಎರಡು ದಿನ. ಅದಕ್ಕೆ ತಕ್ಕಂತೆ ಕೊನೆಗೆ ಕಡಿಮೆಯಾದದ್ದು ಎರಡು ಕುರ್ಚಿ.

ಶಾಲೆ ತೆರೆಯುವ ಹಿಂದಿನ ದಿನ ಮಿನಿ ಲಾರಿ ಬಂದು ಮನೆ ಮುಂದೆ ನಿಲ್ಲುತ್ತದೆ. ಮ್ಯಾನೇಜರು ಇಳಿದು ಚಪ್ಪಲಿ ಬಿಡುವ ಮೊದಲೇ ಅಜ್ಜಿ ಹೇಳಿಬಿಡುತ್ತಾರೆ.

"ಐವತ್ತೇ ಇರೋದು ಸಾರ್. ಎರಡು ಬಾಕಿ. ಬುಧವಾರ ಕೊಡ್ತೀನಿ."

"ಹೋದ ತಿಂಗಳು ಕೇಳಿದಾಗ ಎಲ್ಲಾ ಸರಿಯಾಗಿ ನಡೀತಿದೆ ಅಂದಿದ್ರಿ?"

"ಒಂಬತ್ತರ ಓರೆ ತಪ್ಪಿತ್ತು. ಬಿಚ್ಚಿ ಹಾಕಿದೆ."

ಮ್ಯಾನೇಜರು ಕೈಗೆ ಸಿಕ್ಕ ಕುರ್ಚಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. "ಹಾಗೇ ಕಳಿಸಿದ್ರೆ ನನಗೆ ಗೊತ್ತಾಗ್ತಿತ್ತಾ?"

"ಇಲ್ಲ. ಎರಡು ವರ್ಷ ಆದ್ಮೇಲೆ ಗೊತ್ತಾಗ್ತಿತ್ತು."

ಒಳಗಿನಿಂದ ಆರು ಜೊತೆ ಕಣ್ಣು ಇಣುಕುತ್ತಿವೆ. ಹಿರಿಯ ಮಗಳು ಕೂಡ ತನಗೆ ಗೊತ್ತಿಲ್ಲದೆಯೇ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ. ಮ್ಯಾನೇಜರು ಕುರ್ಚಿಯನ್ನು ಲಾರಿಯವನ ಕೈಗೆ ಕೊಡುತ್ತಾರೆ. "ಸರಿ, ಬುಧವಾರ ಕಳಿಸಿ. ಪ್ಲಾಸ್ಟಿಕ್ಕಿನವನಿಗೆ ಈ ವರ್ಷ ಬೇಡ ಅಂತೀನಿ. ಮುಂದಿನ ಬೇಸಿಗೆ ಮಾತ್ರ ಇನ್ನೊಂದು ಕೈ ಜೊತೆಗಿಟ್ಟುಕೊಳ್ಳಿ."

ಚೂಟಿ ಹೊರಗೆ ಓಡಿ ಬಂದು ಅಜ್ಜಿಯ ಸೊಂಟ ತಿವಿದು ಕಿವಿಯಲ್ಲಿ ಏನೋ ಹೇಳುತ್ತಾಳೆ. ಅಜ್ಜಿ ಕೇಳಿಸದವರಂತೆ ಕುರ್ಚಿ ಎಣಿಸಿ ಎತ್ತಿಸುವುದರಲ್ಲಿ ಮುಳುಗಿರುತ್ತಾರೆ. ಲಾರಿ ತಿರುವು ದಾಟಿದ ಮೇಲೆ ಪಡಸಾಲೆ ಬಯಲಿನಂತಾಗಿದೆ. ಮಕ್ಕಳು ಅದರ ಉದ್ದಗಲಕ್ಕೂ ಓಡಾಡುತ್ತಿದ್ದಾರೆ. ಚೂಟಿಯೊಬ್ಬಳು ಮುಖ ಊದಿಸಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ.

"ಮೂರು ನಾನು ಹಾಕಿದ್ದು ಅಂತ ಯಾಕೆ ಹೇಳಲಿಲ್ಲ ಅಜ್ಜಿ? ಅವರು ಕೈ ಬೇಕು ಅಂದ್ರಲ್ಲ?"

ಅಜ್ಜಿ ಮೆಟ್ಟಿಲ ಮೇಲೆ ಕೂತು, ಎರಡು ತಿಂಗಳಲ್ಲಿ ಮೊದಲ ಸಲ, ಕಾಲು ಚಾಚುತ್ತಾರೆ.

"ಹೇಳಿದ್ರೆ ಆ ಮೂರನ್ನೇ ತಿರುಗಿಸಿ ತಿರುಗಿಸಿ ನೋಡ್ತಿದ್ರು ಕಣೇ. ಹದಿನೆಂಟು ವರ್ಷದಲ್ಲಿ ನನ್ನ ಕುರ್ಚಿನ ಹಾಗೆ ಯಾರೂ ನೋಡಿಲ್ಲ. ಬರ್ತಾರೆ, ಕೂರ್ತಾರೆ, ಓದ್ತಾರೆ, ಎದ್ದು ಹೋಗ್ತಾರೆ. ನಾಳೆ ಯಾವುದೋ ಮಗು ನಿನ್ನ ಕುರ್ಚಿ ಮೇಲೂ ಹಾಗೇ, ನೋಡದೆ ಕೂತ್ಕೊಳ್ಳುತ್ತೆ. ಅಷ್ಟಾದ್ರೆ ನಿನಗೆ ಕೆಲಸ ಬಂತು ಅಂತ."