ಪೆಟ್ಟಿಗೆಗೆ ದಿನಕ್ಕೊಂದು ನಂಬರು

ನೀರಿನ ಟ್ಯಾಂಕಿಗೆ ತೊಂಬತ್ತಾರು ಮೆಟ್ಟಿಲು. ದಿನಕ್ಕೆ ಮೂರು ಸಲ ದೊಡ್ಡಕ್ಕ ಅದನ್ನು ಹತ್ತಿ, ಮುಚ್ಚಳ ಸರಿಸಿ, ಒಳಗಿನ ಅಳತೆಪಟ್ಟಿ ನೋಡಿ, ಇಳಿದು ಬಂದು, ಎಷ್ಟು ನೀರಿದೆಯೆಂದು ಆಫೀಸಿಗೆ ಫೋನು ಮಾಡುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಈಚೆಗೆ ನಲವತ್ತನೆಯ ಮೆಟ್ಟಿಲಿಗೇ ಮಂಡಿ ಮುಷ್ಕರ ಹೂಡುತ್ತಿತ್ತು. ಅಲ್ಲೇ ಕುಳಿತು, ಅದನ್ನು ಪುಸಲಾಯಿಸಿ, ಕಂಬಿ ಹಿಡಿದು ಏಳುತ್ತಿದ್ದಳು.

ಹೀಗಿರುವಾಗ ಆಫೀಸಿನವರು ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಒಂದು ಮೋಡೆಮ್ ಕೂರಿಸಿದರು. ಅಂಗೈಯಗಲದ ಪೆಟ್ಟಿಗೆ. ಒಳಗೆ ಫೋನಿಗೆ ಹಾಕುವಂಥದೇ ಸಿಮ್ಮು, ಮುಂದೆ ಪುಟ್ಟ ಪರದೆ. ನೀರಿನ ಮಟ್ಟ ಮೇಲಿನಿಂದ ತಂತಿಯಲ್ಲಿ ಪೆಟ್ಟಿಗೆಗೆ ಇಳಿದು ಬರುತ್ತದೆ, ಆಫೀಸಿನ ಕಂಪ್ಯೂಟರು ಅಲ್ಲಿಂದಲೇ ಪೆಟ್ಟಿಗೆಯನ್ನು ಕರೆದು ಕೇಳಿಕೊಳ್ಳುತ್ತದೆ, ಇನ್ನು ನೀನು ಹತ್ತುವುದು ಬೇಡ ಎಂದರು.

ಪೆಟ್ಟಿಗೆ ಮಾತ್ರ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಏಳಕ್ಕೆ ಆಫೀಸಿನಿಂದ ಕರೆದರೆ ಉತ್ತರವಿಲ್ಲ. ರಿಪೇರಿಯವನು ಹತ್ತು ಗಂಟೆಗೆ ಬಂದು, ಪರದೆ ನೋಡಿ, ಆಫೀಸಿಗೆ ಫೋನಿನಲ್ಲಿ ಏನೋ ಹೇಳಿ ಕರೆಸಿದರೆ ತಟ್ಟನೆ ಓಗೊಡುತ್ತಿತ್ತು. ಮಾರನೆಯ ದಿನ ಮತ್ತೆ ಅದೇ ಹಾಡು. ಹೀಗೆ ನಾಲ್ಕು ಸಲ ಆಯಿತು. ದೊಡ್ಡಕ್ಕ ಹತ್ತುತ್ತಲೇ ಇದ್ದಳು.

ಐದನೆಯ ಸಲ ಬಂದವನು ಚೀಲದಿಂದ ಸ್ಕ್ರೂಡ್ರೈವರು ತೆಗೆದ.

"ಇವತ್ತು ಕಿತ್ಕೊಂಡು ಬಾ ಅಂದಿದಾರೆ ದೊಡ್ಡಕ್ಕ. ಮೊದಲಿನ ಹಾಗೇ ಹತ್ತಬೇಕಂತೆ. ನಿನಗೆ ಆಗದಿದ್ರೆ ಬೇರೆಯೋರನ್ನ ಹಾಕ್ತಾರಂತೆ."

"ಹಾಗಾದ್ರೆ ನನ್ನ ಮಂಡೀನೂ ಬಿಚ್ಕೊಂಡು ಹೋಗಪ್ಪ. ಅದೂ ಕೆಟ್ಟಿದೆ."

ಅವನು ನಗಲು ಹೋಗಿ ಸ್ಕ್ರೂಡ್ರೈವರು ಕೆಳಗಿಟ್ಟ. ಅರ್ಧ ತಲೆ ನರೆತ ಮನುಷ್ಯ, ಅವನೂ ಸೋತಿದ್ದ. "ಏನು ಮಾಡ್ಲಿ ಹೇಳು. ಹೊರಗಿಂದ ಯಾರಾದ್ರೂ ಕರೆದ್ರೆ ಬಾಗಿಲು ತೆಗಿ ಅಂತ ಅದರೊಳಗೆ ಸರಿಯಾಗೇ ಹಾಕಿದೀನಿ. ನನ್ನೆದುರಿಗೆ ತೆಗೀತದೆ, ನಾನು ಬೆನ್ನು ತಿರುಗಿಸಿದ್ರೆ ಇಲ್ಲ."

ದೊಡ್ಡಕ್ಕ ತನ್ನ ನೋಟುಬುಕ್ಕು ತಂದಳು. ಅಕ್ಷರ ಕೂಡಿಸಿ ಓದಲು ಅವಳಿಗೆ ಬಾರದು, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಎದುರಿಗೆ ಅಂಕಿ ಕಂಡರೆ ಬರೆದಿಡುವುದು ಅವಳ ರೂಢಿ.

"ಮೇಲಿಂದು ನೀರು. ಅದರ ಕೆಳಗಿಂದು ಏನೋ ಗೊತ್ತಿಲ್ಲ. ಪರದೇಲಿತ್ತು, ಬರೆದೆ. ಆದ್ರೆ ಒಂದು ದಿನ ಇದ್ದದ್ದು ಇನ್ನೊಂದು ದಿನ ಇಲ್ಲ, ನೋಡು."

ಅವನು ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತ ಹೋದ. ನಡುವೆ ಬೆರಳು ನಿಂತಿತು.

"ಇದು ಪೆಟ್ಟಿಗೆಯ ವಿಳಾಸ ಕಣಕ್ಕ! ದಿನಾ ಮನೆ ಬದಲಾಯಿಸಿದೆ. ನಾನು ಬಂದಾಗೆಲ್ಲ ಆವತ್ತಿಂದು ಓದಿ ಹೇಳ್ದೆ, ಹಿಂದಿನದರ ಜೊತೆ ಹೋಲಿಸಲೇ ಇಲ್ಲ. ಆಫೀಸಿನೋರು ನಿನ್ನೆಯ ಮನೆ ಬಾಗಿಲು ತಟ್ತಾ ಕೂತಿದಾರೆ. ಆರಿಸಿ ಮತ್ತೆ ಹಾಕಿದ್ರೇನೇ ಹೀಗೆ ಹೊಸ ನಂಬರು ಸಿಗೋದು. ಯಾರು ಆರಿಸ್ತಾರೆ ಇದನ್ನ?"

"ನಾನೇ. ಸಂಜೆ ಆರಿಸಿ ಬೆಳಿಗ್ಗೆ ಹಾಕ್ತೀನಿ." ದೊಡ್ಡಕ್ಕ ಗೋಡೆ ತೋರಿಸಿದಳು. ಕೆಂಪು ಬಣ್ಣದಲ್ಲಿ ಬರೆದಿತ್ತು: ಬೀಗ ಹಾಕುವ ಮುನ್ನ ಮೇನ್ ಸ್ವಿಚ್ ಆರಿಸತಕ್ಕದ್ದು. "ಕೆಲಸಕ್ಕೆ ಸೇರಿದ ದಿನಾನೇ ಓದಿ ಹೇಳಿದ್ರು. ಒಂದಿನಾನೂ ತಪ್ಪಿಸಿಲ್ಲ."

ಅವನು ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಳಿತ. "ನಾಲ್ಕು ಸಲ ಬಂದೆನಲ್ಲೇ ಮಾರಾಯ್ತಿ! ಒಂದು ಮಾತು ಹೇಳಬಾರದಿತ್ತಾ?"

"ಬಂದಾಗೆಲ್ಲ ಪೆಟ್ಟಿಗೇನ ಕೇಳ್ದೆ. ನನ್ನ ಕೇಳ್ದೆಯಾ?"

ಅವನು ಆಫೀಸಿಗೆ ಫೋನು ಮಾಡಿ ಒಂದು ವಾರದ ಗಡುವು ಬೇಡಿದ. ಬದಲಾಗದ ನಂಬರಿನ ಸಿಮ್ಮು ಬರುವವರೆಗೆ ಕರೆಂಟು ಹೋಗಿ ಬಂದಾಗಲೆಲ್ಲ ದೊಡ್ಡಕ್ಕ ಹೊಸ ಅಂಕಿ ಓದಿ ಹೇಳಬೇಕೆಂದು ತೀರ್ಮಾನವಾಯಿತು.

"ಕೂತ್ಕೊಂಡು ಹೇಳಬಹುದಾ?"

"ಮಲ್ಕೊಂಡು ಬೇಕಾದ್ರೂ ಹೇಳು."

ಆ ಸಂಜೆ ಬೀಗ ಹಾಕುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಆರಿಸದೆ ಹಿಂದಕ್ಕೆ ಎಳೆದುಕೊಂಡಳು. ಬೀದಿಯ ತಿರುವಿನವರೆಗೆ ಹೋದವಳು ಹಿಂದಿರುಗಿ, ಬೀಗ ತೆಗೆದು, ಪೆಟ್ಟಿಗೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಅಷ್ಟೆ. ಮತ್ತೆ ಬೀಗ ಹಾಕಿದಳು.

ಬೆಳಿಗ್ಗೆ ಏಳು ಹೊಡೆದ ಮೇಲೆ ಆಫೀಸಿನಿಂದ ಫೋನು ಬಂತು.

"ದೊಡ್ಡಕ್ಕಾ, ಮೂರು ಮೀಟರು ನಲವತ್ತು ಅಂತ ನಮಗೇ ಬಂತು. ಹತ್ತಬೇಡ."

ಅಷ್ಟು ಹೊತ್ತಿಗೆ ಅವಳ ಒಂದು ಕಾಲು ಮೊದಲನೆಯ ಮೆಟ್ಟಿಲ ಮೇಲಿತ್ತು. ಅಲ್ಲೇ ಕುಳಿತಳು. ಹಿಗ್ಗಬೇಕಿತ್ತು, ಹಿಗ್ಗಲೂ ತ್ರಾಣವಿರಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಹೋಗಿ ಪರದೆ ನೋಡಿ ಬುಕ್ಕಿನಲ್ಲಿ ಬರೆದಳು. ಮೇಲೆ ನೀರು. ಕೆಳಗಿನ ನಂಬರು ನಿನ್ನೆಯದೇ.