ಬೀಗರ ಮೇಳದಲ್ಲಿ ಬಾಯಿ ಕಟ್ಟಿಕೊಂಡ ರೇವವ್ವ

ಯಂಕಂಚಿಯ ರೇವವ್ವನಿಗೆ ಮೈಕು ಕೊಟ್ಟರೆ ಹಾಡುತ್ತಾಳೆ, ಫೋನು ಕೊಟ್ಟರೆ ತೀರ್ಪು ಹೇಳುತ್ತಾಳೆ. ಹಾಡಿಗೆ ಚಪ್ಪಾಳೆ ತಟ್ಟುವವರು ನೂರು ಜನರಾದರೆ ತೀರ್ಪಿಗೆ ಕಿವಿಗೊಡುವವರು ಸಾವಿರ. ಊರ ಸಾಲಿಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವುದು ಅವಳ ಕಸುಬು. ಇನ್ನೂರು ಮಕ್ಕಳ ಸಾರಿಗೆ ಉಪ್ಪು ಸಾಲದೆಂದು ಹಬೆಯ ವಾಸನೆಯಲ್ಲೇ ಹೇಳುವ ಹೆಂಗಸು. ಅಂಥವಳ ಕಣ್ಣಿನಿಂದ ಏನು ತಾನೇ ತಪ್ಪಿಸಿಕೊಂಡೀತು?

ಸುಗ್ಗಿ ಮುಗಿದ ಮೇಲೆ ಈ ಕಡೆಯ ನಾಲ್ಕೂ ತಾಲೂಕುಗಳಲ್ಲಿ ಹೆಣ್ಣುಮಕ್ಕಳ ಹಾಡಿನ ಮೇಳಗಳು ಶುರುವಾಗುತ್ತವೆ. ಕೊಯ್ದ ಹೊಲದಲ್ಲಿ ಪೆಂಡಾಲು, ಮೂರು ದಿನ, ಐವತ್ತು ಅರವತ್ತು ತಂಡ. ತಂಡದವರು ಹಾಸಿಗೆ ಕಟ್ಟಿಕೊಂಡು ಬಂದು ಅಲ್ಲಿಯೇ ಡೇರೆಯಲ್ಲಿ ಮಲಗಿ, ಅಲ್ಲಿಯೇ ಉಂಡು, ಸರದಿ ಬಂದಾಗ ಹಾಡಿ ಹೋಗುತ್ತಾರೆ. ರೇವವ್ವ ಏಳು ಜನರ ತಂಡ ಕಟ್ಟಿಕೊಂಡು ಹದಿನಾರು ವರ್ಷದಿಂದ ಒಂದೂ ಮೇಳ ಬಿಟ್ಟವಳಲ್ಲ. ಊರಿಗೆ ಮರಳುವಾಗ ಬಸ್ಸಿನಲ್ಲೇ ಫೋನು ಬಾಯಿಗೆ ಹಿಡಿದು ಎಲ್ಲಾ ತಂಡಗಳ ವಾಟ್ಸಾಪ್ ಗುಂಪಿಗೆ ಮಾತು ಕಳಿಸುತ್ತಾಳೆ. ಅದೇ ತೀರ್ಪು.

"ಇಂಡಿ ಕಡೀ ಮೇಳ ಕೇಳ್ರಿ. ಪೆಂಡಾಲ ಭಾಳ ಛಲೋ, ಗಾಳಿ ಆಡ್ತೈತಿ. ಮೈಕ ಮಾತ್ರ ದಮ್ಮು ಹತ್ತಿದವರಂಗ ಉಸಿರಾಡ್ತೈತಿ. ಮುದ್ದೇಬಿಹಾಳ ಕಡೀದು ಮೈಕ ಬಂಗಾರ. ಆದ್ರ ನೀರಿನ ಟ್ಯಾಂಕರ ಎಂಟಕ್ಕ ಬರ್ತೈತಿ, ಹೆಣ್ಮಕ್ಕಳು ನಾಕಕ್ಕ ಎದ್ದಿರ್ತಾರ. ಸಿಂದಗಿ ಕಡೀದು ಎಲ್ಲಾ ಐತಿ, ಕನ್ನಡಿ ಇಲ್ಲ. ಫೋನ್ ನೋಡಿ ಕುಂಕುಮ ಹಚ್ಚಿಕೊಂಡೀವಿ, ಒಬ್ಬಾಕಿದೂ ನಟ್ಟಗ ಕುಂತಿಲ್ಲ!"

ನಗಬೇಡಿ. ಮರುವರ್ಷ ಆ ಮೇಳದಲ್ಲಿ ಡೇರೆಗೊಂದು ಕನ್ನಡಿ ತೂಗುಹಾಕಿದ್ದರು. ಮೇಳ ನಡೆಸುವ ಗಂಡಸರು ರೇವವ್ವ ಬಸ್ಸಿಳಿಯುವುದು ಕಂಡರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

ಇಂಥ ರೇವವ್ವ ಒಬ್ಬಳೇ ಮಗಳು ರಾಜಶ್ರೀಯನ್ನು ಹೂವಿನ ಹಿಪ್ಪರಗಿಯ ಆಚೆ ಹೊಲದ ನಡುವಿನ ಒಂದು ವಸ್ತಿಗೆ ಕೊಟ್ಟು ಎಂಟು ತಿಂಗಳಾಗಿತ್ತು. ಮದುವೆ ಮಾಡಿದ ಮೇಲೆ ಮಗಳ ಮನೆಯ ಕಡೆ ಸುಳಿದವಳಲ್ಲ. ಕೇಳಿದವರಿಗೆ, "ವಾರದಾಗ ಸಾಲಿ ಅಡಗಿ, ಐತವಾರ ಮೇಳ. ಯಾವಾಗ ಹೋಗ್ಲಿ?" ಎನ್ನುತ್ತಿದ್ದಳು. ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಆ ಮನೆಯಲ್ಲಿ ಏನಾದರೂ ಕೊರತೆ ಕಂಡರೆ ತನ್ನ ನಾಲಿಗೆ ಸುಮ್ಮನಿರುವುದಿಲ್ಲ, ಆಡಿದ್ದಕ್ಕೆಲ್ಲ ಮಗಳು ಅನುಭವಿಸಬೇಕಾಗುತ್ತದೆ ಎಂಬ ಅಂಜಿಕೆ ಅವಳಿಗೆ. ಇಡೀ ಜಿಲ್ಲೆಗೆ ಅಂಜದ ಹೆಂಗಸು ತನ್ನ ಬಾಯಿಗೇ ಅಂಜುತ್ತಿದ್ದಳು, ಪಾಪ.

ಅಷ್ಟರಲ್ಲಿ ಏನಾಗಬೇಕು? ಬೀಗ ಸೋಮನಿಂಗ, ಅಂದರೆ ರಾಜಶ್ರೀಯ ಮಾವ, ಈ ವರ್ಷ ತಮ್ಮ ಹೊಲದಲ್ಲೇ ಮೇಳ ಮಾಡಿಸುತ್ತೇನೆಂದು ಎದೆ ತಟ್ಟಿಕೊಂಡ. ಸುದ್ದಿ ಬಂದ ದಿನವೇ ಮಗಳ ಫೋನೂ ಬಂತು.

"ಅವ್ವಾ, ಕೈ ಮುಗೀತೇನಿ. ಇಲ್ಲಿ ಬಂದು ನಂಬರ ಕೊಡಬ್ಯಾಡ. ನಮ್ಮ ಮಾವ ಎರಡು ತಿಂಗಳಿಂದ ಕುಂತಲ್ಲಿ ಕುಂತಿಲ್ಲ. ನಮ್ಮ ಅತ್ತೀ ಸ್ವಭಾವ ನಿನಗ ಗೊತ್ತೈತಿ. ನೀ ಒಂದು ಅಂದ್ರ ಆಕಿ ನನಗ ಹತ್ತು ಅಂತಾಳ."

"ನಾ ಯಾಕ ಅನ್ಲಿ? ಹಾಡ್ತೇನಿ, ಉಣ್ತೇನಿ, ಬರ್ತೇನಿ. ನಿನ್ನಾಣಿ."

ಆಣೆಯನ್ನೇನೋ ಇಟ್ಟಳು. ಮೇಳದ ಮೊದಲ ದಿನ ಮುಂಜಾನೆ ಹಾಸಿಗೆ, ತಲೆದಿಂಬು ಹೊತ್ತು ಹೊಲದ ಬದುವಿನ ಮೇಲೆ ನಿಂತು ನೋಡಿದಾಗ ಆಣೆ ಗಂಟಲಿಗೆ ಬಂದು ನಿಂತಿತು.

ಡೇರೆಗಳೇನೋ ಹೊಸವು. ಆದರೆ ಜೋಳ ಕೊಯ್ದ ಹೊಲದ ಕೂಳೆ ಕೀಳದೆ ಅದರ ಮೇಲೆಯೇ ತಾಡಪತ್ರಿ ಹಾಸಿದ್ದರು. ಕುಳಿತರೆ ಚುಚ್ಚುತ್ತದೆ, ಮಲಗಿದರೆ ಇನ್ನೂ ಚುಚ್ಚುತ್ತದೆ. ಹೆಣ್ಣುಮಕ್ಕಳಿಗೆಂದು ತಗಡಿನ ಆರು ಪಾಯಖಾನೆ ಕಟ್ಟಿಸಿದ್ದ ಪುಣ್ಯಾತ್ಮ ಸೋಮನಿಂಗ, ನೀರೂ ಇತ್ತು, ಬಕೇಟೂ ಇತ್ತು. ಆದರೆ ಆರಕ್ಕೆ ಆರೂ ಬಾಗಿಲಿಗೆ ಚಿಲಕ ಹೊರಗಡೆ! ಕಾಳಿನ ಕೋಣೆಗೆ ಬಾಗಿಲು ಮಾಡುವ ಬಡಿಗನಿಗೆ ಹೇಳಿದರೆ ಇನ್ನೇನಾಗುತ್ತದೆ? ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲಬೇಕು.

ಇವೆರಡನ್ನೂ ನುಂಗಿಕೊಂಡಾಳು. ಮೂರನೆಯದೇ ಕಷ್ಟದ್ದು. ವೇದಿಕೆಯ ಎರಡೂ ಕಡೆ ಆಳೆತ್ತರದ ಸ್ಪೀಕರು ನಿಲ್ಲಿಸಿದ್ದರು, ಎಲ್ಲವೂ ಜನರಿಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿದ್ದವು. ಪ್ರತಿ ಮೇಳದಲ್ಲೂ ಕಾಣುವ ಸೌಂಡಿನ ಬಂದೇನವಾಜ ರೇವವ್ವನನ್ನು ಕಂಡೊಡನೆ ತಪ್ಪು ಮಾಡಿದವನಂತೆ ಓಡಿ ಬಂದ.

"ನಂದೇನೂ ಇಲ್ರಿ ಅಕ್ಕಾರ. ಆಚಿ ಊರಿಗೆ ಕೇಳಬೇಕಂತ ಹೇಳ್ಯಾರ. ಹೋದ ವರ್ಷ ಆ ಊರಿನವರು ಹಿಂಗ ಮಾಡಿದ್ರಂತ. ಎರಡು ದಿವಸ ಇವರಿಗೆ ನಿದ್ದಿ ಇಲ್ಲಂತ. ಈ ವರ್ಷ ಸೇಡು ತೀರಿಸ್ಕೊಳ್ಳಾಕತ್ತಾರ್ರಿ."

ಹೇಳಿ, ಇದಕ್ಕೇನನ್ನಬೇಕು! ರೇವವ್ವ ಬಾಯಿ ತೆರೆದಳು. ದೂರದಲ್ಲಿ ತಂಬಿಗೆ ಹಿಡಿದು ನಿಂತ ರಾಜಶ್ರೀ ಕಂಡಳು. ತೆರೆದ ಬಾಯಿ ಮುಚ್ಚಿದಳು.

ಅಲ್ಲಿಂದ ಶುರುವಾಯಿತು ಅವಳ ಮೌನ. ಒಂದೊಂದೇ ತಂಡದವರು ಬಂದು ಕೇಳುತ್ತಾರೆ, "ಯವ್ವಾ ರೇವವ್ವ, ಈ ಸಲ ಹೆಂಗೈತಿ?" "ನಡದೈತಿ," ಎನ್ನುತ್ತಾಳೆ. "ನಡದೈತಿ ಅಂದ್ರ?" "ನಡದೈತಿ ಅಂದ್ರ ನಡದೈತಿ." ಊಟ ಮಾತ್ರ ನಿಜಕ್ಕೂ ರುಚಿಯಾಗಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಎರಡು ಸಲ ಬಡಿಸಿಕೊಂಡಳು. ಆದರೆ ಒಂದನ್ನು ಹೊಗಳಿದರೆ ಉಳಿದದ್ದೆಲ್ಲ ಹಿಂದೆಯೇ ಹೊರಬಿದ್ದೀತೆಂದು ಅದನ್ನೂ ಹೇಳಲಿಲ್ಲ.

ಇದರಿಂದ ಆದದ್ದೇ ಬೇರೆ. ಬೈದರೆ ಇಷ್ಟೇ ಅಂದುಕೊಳ್ಳುತ್ತಿದ್ದರು, ರೇವವ್ವ ಬೈಯುವುದು ಹೊಸದೇ? ಸುಮ್ಮನಿದ್ದಾಳೆಂದರೆ ಬೈಯಲೂ ಆಗದಷ್ಟು ಕೆಟ್ಟಿದೆ ಎಂದು ಎಲ್ಲರೂ ತಿಳಿದರು. ಯಾರೋ ನೀರು ಹೊಲಸು ಎಂದರು. ಯಾರೋ ಹಿಟ್ಟು ಹಳೆಯದು ಎಂದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎರಡು ತಂಡದವರು ಹಾಸಿಗೆ ಸುತ್ತತೊಡಗಿದರು.

ಸೋಮನಿಂಗನ ಮುಖ ಬಾಡಿ ಇಷ್ಟಾಯಿತು. ಅವನ ಹೆಂಡತಿ ಶಾವಂತ್ರೆವ್ವ ಸೊಸೆಯನ್ನು ಅಡುಗೆಯ ಡೇರೆಗೆ ಕರೆದು, "ನಿಮ್ಮವ್ವಗ ನಮ್ಮ ಮ್ಯಾಲೆ ಸಿಟ್ಟೇನು? ಎರಡು ದಿವಸ ಉಂಡಾಳ, ಒಂದು ಮಾತಿಲ್ಲ. ಬೀಗರು ಸುಮ್ನ ಕುಂತ್ರ ಜನ ಏನಂತಾರ?" ಎಂದಳು.

ರಾಜಶ್ರೀ ದಡದಡನೆ ತಾಯಿಯ ಡೇರೆಗೆ ಬಂದಳು. ಕಣ್ಣು ತುಂಬಿದ್ದವು.

"ಬೈಬ್ಯಾಡ ಅಂದಿದ್ದೆ ಅವ್ವಾ. ಮೂಕಿ ಆಗು ಅಂದಿದ್ನೇನು?"

"ನಿನಗ ತ್ರಾಸ ಆಗಬಾರದಂತ ತುಟಿ ಹೊಲಕೊಂಡೇನಿ. ಅದಕ್ಕೂ ನೀನs ಬೈಯಾಕತ್ತಿ?"

"ನೀ ಸುಮ್ನಿದ್ರ ಇನ್ನಾ ತ್ರಾಸ ಆಗಾಕತ್ತೈತಿ!"

ಮಗಳು ಹೋದಳು. ರೇವವ್ವ ತಲೆದಿಂಬಿನ ಮೇಲೆ ಕುಳಿತಳು, ಕೂಳೆ ಚುಚ್ಚುತ್ತದಲ್ಲ. ಹೇಳಿದರೆ ಮಗಳಿಗೆ ಕೇಡು, ಹೇಳದಿದ್ದರೂ ಕೇಡು. ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅಷ್ಟರಲ್ಲಿ ತಂಡದ ಸುನೀತಾ ಒಳಗೆ ಬಂದು, ನಾಲ್ಕು ಗಂಟೆಗೆ ನಮ್ಮ ಸರದಿ, ಯಾವ ಹಾಡು ಎಂದು ಕೇಳಿದಳು.

ರೇವವ್ವ ತಟ್ಟನೆ ತಲೆಯೆತ್ತಿದಳು. "ಬೀಗರ ಹಾಡು," ಎಂದಳು.

ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಅವರು ಇವರನ್ನು, ಹಾಡಿನಲ್ಲಿ ಮನಸಾರೆ ಬೈಯುತ್ತಾರೆ. ಎಷ್ಟು ಬೈದರೂ ಯಾರೂ ಸಿಟ್ಟಾಗುವಂತಿಲ್ಲ. ಬೈಯದಿದ್ದರೇ ಸಿಟ್ಟು. ಆ ಹಾಡಿಗೆ ಎದುರಿನವರು ಹಾಡಿನಲ್ಲೇ ಉತ್ತರ ಕೊಡಬೇಕು, ಅದು ರೂಢಿ.

ನಾಲ್ಕು ಗಂಟೆಗೆ ರೇವವ್ವ ವೇದಿಕೆ ಹತ್ತಿ, ಮುಂದಿನ ಸಾಲಿನಲ್ಲಿ ಮುದುಡಿ ಕುಳಿತಿದ್ದ ಸೋಮನಿಂಗನನ್ನೇ ನೋಡುತ್ತ ಎತ್ತಿಕೊಂಡಳು.

"ಬೀಗ ಹಾಸ್ಯಾನ ತಾಡಪತ್ರಿ ಬಿಳಿಜ್ವಾಳದ ಹೊಲದಾಗ
ಕೂಳಿ ಚುಚ್ಚತಾವ ಬೆನ್ನೀಗಿ, ಬೀಗಣ್ಣ
ಹೊರಳಿದ ಕಡಿಗೆಲ್ಲ ಸೂಜೀಯ!"

ಜನ ಸೋಮನಿಂಗನ ಮುಖ ನೋಡಿದರು. ಆಮೇಲೆ ಹಿಂದಿನ ಸಾಲಿನ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ರೇವವ್ವ ಬಿಡಲಿಲ್ಲ.

"ಆರು ಕೋಲಿ ಕಟ್ಟಿ ಚಿಲಕ ಹೊರಗಿಟ್ಟಾನ
ಒಳಗ ಹ್ವಾದಾಕಿ ಕೂಗ್ಯಾಳ, ಬೀಗಣ್ಣ
ಬಿಡಸಪ್ಪ ಸೆರಿಮನಿ ಸಾಕಂತ!"

ಈಗ ನಗು ತಡೆಯಲಾಗದೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರೂ ಕಾವಲು ನಿಂತವರೇ ತಾನೆ!

"ನಾ ಹಾಡೋ ಹಾಡು ನನಗs ಕೇಳಂಗಿಲ್ಲ
ಆಚಿ ಊರವರು ಕುಣದಾರ, ಬೀಗಣ್ಣ
ಎಲಿಅಡಿಕಿ ಅವರೀಗೆ ಹಂಚಣ್ಣ!"

ಬಂದೇನವಾಜ ಕುಣಿದು ಹೋಗಿ ಒಂದು ಸ್ಪೀಕರನ್ನು ಜನರ ಕಡೆ ತಿರುಗಿಸಿಯೇ ಬಿಟ್ಟ. ಸೋಮನಿಂಗ ರುಮಾಲಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದ. "ಬಡಿಗ್ಯಾನ್ನ ಕರೀರಿ! ಚಿಲಕ ಒಳಗ ಹಚ್ರಿ!" ಎಂದು ಕೂಗಿದ. ಹಾಸಿಗೆ ಸುತ್ತಿದ್ದ ತಂಡದವರು ಸುತ್ತಿದ ಹಾಸಿಗೆಯ ಮೇಲೆಯೇ ಕುಳಿತು ಕೇಳತೊಡಗಿದರು. ರೇವವ್ವ ಕೊನೆಗೆ ಹುಗ್ಗಿಯ ಮೇಲೂ ಒಂದು ಪದ ಕಟ್ಟಿ ಹಾಡಿ ಹೊಗಳಿದಳು.

ಇನ್ನು ಉತ್ತರ. ಎಲ್ಲರೂ ಶಾವಂತ್ರೆವ್ವನನ್ನು ವೇದಿಕೆಗೆ ದಬ್ಬಿದರು. ಎರಡು ದಿನ ಬಂದವರನ್ನು ಕರೆದು ಕರೆದು ಅವಳ ಗಂಟಲು ಕಟ್ಟಿತ್ತು. ಅವಳು ಸೊಸೆಯ ರಟ್ಟೆ ಹಿಡಿದು, "ನೀ ಹಾಡು," ಎಂದು ಮೈಕಿನ ಮುಂದೆ ನಿಲ್ಲಿಸಿದಳು.

ರೇವವ್ವ ಮಗಳನ್ನೇ ನೋಡಿದಳು. ಹಾಡು ಕಲಿಸಿದವಳು ತಾನು. ತಾಯಿಯನ್ನು ಬಿಟ್ಟುಕೊಡದೆ ಏನಾದರೂ ಮೆತ್ತಗೆ ಹಾಡಿಯಾಳೆಂದುಕೊಂಡಳು. ರಾಜಶ್ರೀ ಸೆರಗು ಸೊಂಟಕ್ಕೆ ಸಿಗಿಸಿದಳು.

"ಬೀಗತಿ ಬಂದಾಳ ಹೊತಗೊಂಡು ತಲಿದಿಂಬ
ನಮ್ಮೂರ ಹಾಸೀಗಿ ಸೇರಂಗಿಲ್ಲ, ಈಕೀಗಿ
ಪುಣೇದ ಪಲ್ಲಂಗ ತರಬೇಕ!"

ನಗುವಿಗೆ ಪೆಂಡಾಲು ಎದ್ದು ಹಾರಿತು. ನಮ್ಮೂರ! ಹೆತ್ತ ತಾಯಿಗೆ ಬೀಗತಿ ಅಂದಳಲ್ಲ! ರೇವವ್ವನೂ ನಕ್ಕಳು, ಆದರೆ ಆ ಮಾತು ಸಣ್ಣಗೆ ಚುಚ್ಚಿತು. ಶಾವಂತ್ರೆವ್ವ ಸೊಸೆಯ ಬೆನ್ನು ತಟ್ಟುತ್ತಿದ್ದಳು. ಈ ಮನೆಯಲ್ಲಿ ಮಗಳಿಗೆ ಅಂಜಿಕೆ ಇದ್ದರೂ ನೆಲೆಯೂ ಇರುವುದನ್ನು ರೇವವ್ವ ಕಣ್ಣಾರೆ ಕಂಡಳು. ಆಗ ರಾಜಶ್ರೀ ದನಿ ಇಳಿಸಿ ಇನ್ನೊಂದು ಪದ ಎತ್ತಿಕೊಂಡಳು.

"ಇಂಡೀಯ ನೀರ ಕುಡದಿ, ಸಿಂದಗ್ಯಾಗ ನೀ ಉಂಡಿ
ಮುದ್ದೇಬಿಹಾಳ ಮುಗಿಸೀದಿ, ಹಡದವ್ವ
ನಮ್ಮನಿ ಹೊಸ್ತಿಲ ಯಾವಾಗ?"

ಜನ ಇದಕ್ಕೂ ನಕ್ಕರು. ರೇವವ್ವ ಮಾತ್ರ ನಗಲಿಲ್ಲ. ಈಗ ಉತ್ತರ ಹಾಡುವ ಸರದಿ ಅವಳದು. ಸುನೀತಾ ತಾಳ ಹಾಕುತ್ತ ಕಾದಳು, ತಂಡದವರು ಕಾದರು. ರೇವವ್ವ ಮೈಕು ಸುನೀತಾಳ ಕೈಗಿಟ್ಟು ವೇದಿಕೆ ಇಳಿದು ಹೋದಳು. ಬೀಗರು ಗೆದ್ದರೆಂದು ಹುಡುಗಿಯರು ಶಿಳ್ಳೆ ಹೊಡೆದರು.

ಡೇರೆಯಿಂದ ಹಾಸಿಗೆ ಹೊತ್ತುಕೊಂಡು ಬಂದು ಮಗಳ ಮುಂದೆ ನಿಂತಳು. "ನಡಿ," ಎಂದಳು. ಹೊಲದ ಆಚೆ ಬೇವಿನ ಮರದ ಕೆಳಗೆ ಮನೆ. ಇಷ್ಟು ಹತ್ತಿರವಿತ್ತು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊಸ್ತಿಲ ಬಳಿ ರಾಜಶ್ರೀ ಕಾಲಿಗೆ ನೀರು ಕೊಟ್ಟಳು.

"ನನ್ನ ಬಾಯಿಗೆ ಅಂಜಿ ಬರಲಿಲ್ಲ ರಾಜಿ," ಎಂದಳು ರೇವವ್ವ. "ಏನರ ಕಂಡು ಏನರ ಅಂದುಬಿಟ್ರ ನೀ ಅನುಭವಸ್ತೀ ಅಂತ."

ರಾಜಶ್ರೀ ತಾಯಿಯ ಕೈಯಿಂದ ಹಾಸಿಗೆ ಇಸಿದುಕೊಂಡಳು.

"ಎಂಟು ತಿಂಗಳು ದಿನಾ ಸಂಜೀಕ ರಸ್ತಾ ನೋಡೇನವ್ವ," ಎಂದಳು. "ಬೈಯಾಕರ ಬರ್ತಿರು."

ರೇವವ್ವ ಹೊಸ್ತಿಲು ದಾಟಿ ಒಳಗೆ ಹೋದಳು. ಒಲೆಯ ಮುಂದೆ ಮಗಳ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅತ್ತಳು.